ಅಪ್ಪ ಉಗುರೊತ್ತಿ ನೋಡಿದ ಟೈರು

ಹೊಸ ಟೈರಿನ ವಾಸನೆ ಬಂದರೆ ಈಗಲೂ ಪಕ್ಕದಲ್ಲಿ ಅಪ್ಪನನ್ನು ಹುಡುಕುತ್ತೇನೆ.

ನಾನಾಗ ಐದನೇ ಕ್ಲಾಸು. ಅಪ್ಪ ಆಟೋದಲ್ಲಿ ಸ್ಕೂಲು ಮಕ್ಕಳನ್ನು ಬಿಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಸವೆದ ಮುಂದಿನ ಟೈರು ಬದಲಿಸಲು ವಿಜಯನಗರದ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಅಲ್ಲಿ ಒಂದು ಟೈರಿಗೆ ಉಗುರು ಒತ್ತಿ ನೋಡಿದರು.

“ಏನಣ್ಣ, ಮಾವಿನಹಣ್ಣಾ ಅದು?” ಅಂಗಡಿಯವನು ನಕ್ಕ. “ಈ ವರ್ಷದ ಮಾಲು, ತಗೊಂಡ್ಹೋಗಿ.”

“ಹಳೇ ರಬ್ಬರಿನ ಥರ ಗಟ್ಟಿಯಾಗಿದೆ ಸಾರ್. ಒದ್ದೆ ರಸ್ತೇಲಿ ಜಾರ್ತದೆ. ಗಾಡೀಲಿ ಮಕ್ಕಳಿರ್ತಾರೆ.”

ಓದು ಬಾರದ ಅಪ್ಪ ಟೈರಿನ ಪಕ್ಕೆಯ ಉಬ್ಬಕ್ಷರಗಳ ಮೇಲೆ ಬೆರಳಿಟ್ಟರು. “ಇದ್ರಲ್ಲಿ ನಾಲ್ಕಂಕಿ ಇರ್ತದಂತೆ, ಕೊನೇ ಎರಡು ತಯಾರಾದ ವರ್ಷ. ಓದಮ್ಮ.”

ಹುಡುಕಿ ಜೋರಾಗಿ ಓದಿದೆ. ಮೂರು ವರ್ಷ ಹಳೆಯದು. ಅಂಗಡಿಯವನು ಒಳಗಿನಿಂದ ಬೇರೆ ತಂದ.

ಅಪ್ಪ ಅದಕ್ಕೂ ಉಗುರು ಒತ್ತಿದರು. ಆಮೇಲೆ ನನ್ನತ್ತ ತಿರುಗಿದರು. ನಾನು ಓದಿ ತಲೆಯಾಡಿಸುವವರೆಗೂ “ಹಾಕಿ” ಅನ್ನಲಿಲ್ಲ.