ಇಂಬಳ ಬಿಡಿಸುವಷ್ಟು ಹೊತ್ತು

ಕಾಲ್ಬೆರಳ ಸಂದಿಗೆ ಕಚ್ಚಿ ರಕ್ತ ಹೀರುತ್ತಿದ್ದ ಇಂಬಳಕ್ಕೆ ಸುಣ್ಣ ಹಚ್ಚಿ ಬಿಡಿಸಲೆಂದು ಜವರಮ್ಮ ಕಾಫಿ ಗಿಡದ ಬುಡದಲ್ಲಿ ಕುಳಿತಳು. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಗಂಡ ಶಿವಯ್ಯ ನಕ್ಕ. “ನಿಧಾನಕ್ಕೆ ಬಾ ಮಾರಾಯ್ತಿ. ಅಲ್ಲೀವರೆಗೆ ನಿನ್ನ ಸಾಲು ನಾ ನೋಡ್ಕೊಳ್ತೀನಿ,” ಎಂದು ಅವಳ ಸಾಲಿಗೆ ದಾಟಿ ಮುಂದೆ ಹೋದ.

ಅವಳಿನ್ನೂ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಮಳೆಗೆ ನೆನೆದು ಭಾರವಾಗಿದ್ದ ಅತ್ತಿಮರದ ಕೊಂಬೆ ಮುರಿದು ಅವನ ಮೇಲೆ ಬಿತ್ತು.

ಆಳುಗಳು ಹೆಣವನ್ನು ಕಂಬಳಿಯಲ್ಲಿ ಹೊತ್ತುಕೊಂಡು ಹೋದರು. ಅವಳು ಕುಳಿತಲ್ಲೇ ಇದ್ದಳು. ಮೇಸ್ತ್ರಿ ತಿಮ್ಮಪ್ಪ ಬಳಿ ಬಂದು ಮೆಲ್ಲಗೆ ಕೇಳಿದ, “ತೋಟದ ದೊರೆ ಕೇಳ್ತಾರೆ ಜವರಮ್ಮ. ಇದು ಯಾರ ಸಾಲು?”

“ನಂದು.”

ರಕ್ತ ಕುಡಿದು ದಪ್ಪಗಾದ ಇಂಬಳ ತಾನಾಗಿಯೇ ಕಳಚಿ ಬಿತ್ತು. ಅವಳು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಶಿವಯ್ಯ ಬಿಟ್ಟಿದ್ದ ಗಿಡದಿಂದ ಮುಂದಕ್ಕೆ ಕಳೆ ಕೀಳತೊಡಗಿದಳು.