ಅಡುಗೆಮನೆಯ ಸರ್ಕಾರಿ ಕಿವಿ

ಎಲ್ಲರ ಮನೆಯಂತೆ ಪುಟ್ಟಗೌರಮ್ಮನ ಅಡುಗೆಮನೆಯ ಗೋಡೆಯಲ್ಲೂ ಘನ ಸರ್ಕಾರದ ಕಿವಿಯೊಂದಿತ್ತು. ದೇವರ ಪಟ ಒರೆಸುವಾಗ ಆಕೆ ಅದರ ಧೂಳನ್ನೂ ಒರೆಸುತ್ತಿದ್ದಳು. ಹೋದ ವರ್ಷ ಸೊಸೆಗೆ ಉಪ್ಪಿನಕಾಯಿಯ ಗುಟ್ಟು ಹೇಳಿಕೊಟ್ಟಿದ್ದಳು. ಮರುವಾರ, ಮನೆಗೆ ಬಂದ ನೆಂಟರ ಹೆಸರು ಬರೆಸಲು ಆ ಕಿವಿಯ ಕಚೇರಿಗೆ ಹೋದರೆ, ಗುಮಾಸ್ತ ಶಿವನಂಜಪ್ಪನ ಊಟದ ಡಬ್ಬಿಯಲ್ಲಿ ಅದೇ ಉಪ್ಪಿನಕಾಯಿ ಘಮಘಮಿಸುತ್ತಿತ್ತು.

"ನಮ್ಮನೆ ರುಚಿ ನಿಮಗೆಂಗೆ ಸಿಕ್ತು ಸ್ವಾಮಿ?"

"ಕೇಳಿಸ್ಕೊಂಡಿದ್ದೆಲ್ಲ ಗೋಪ್ಯ ಕಣಮ್ಮ. ಒಂದಕ್ಷರ ಆಚೆ ಹೋಗಲ್ಲ," ಎಂದ ಆತ, ಬೆರಳು ನೆಕ್ಕುತ್ತಾ.

ಈ ವರ್ಷ ಮಾವಿನಕಾಯಿ ಹೆಚ್ಚುವಾಗ ಪುಟ್ಟಗೌರಮ್ಮ ಗೋಡೆಯ ಹತ್ತಿರಕ್ಕೇ ಸರಿದು ಕೂತಳು.

"ನೋಡವ್ವ, ಹೋದ್ಸಲ ಹೇಳೋದು ಮರ್ತಿದ್ದೆ. ಅಸಲಿ ರುಚಿ ಬರೋದು ಹರಳೆಣ್ಣೇಲಿ. ಜಾಡಿಗೆ ಅರ್ಧ ಸೇರು ಹುಯ್ಬೇಕು. ಯಾರಿಗೂ ಹೇಳ್ಬೇಡ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ತಮ್ಮ ಮೂಗಿಗಿಂತ ಗೋಡೆಯ ಕಿವಿಯನ್ನೇ ನಂಬುವ ಜನ ಆ ಕಚೇರಿಯವರು. ಹತ್ತು ದಿನ ಬಿಟ್ಟು ಆಕೆ ಮತ್ತೆ ಅಲ್ಲಿಗೆ ಹೋದರೆ ಕುರ್ಚಿಗಳೆಲ್ಲ ಖಾಲಿ. ಸಾಹೇಬರಿಂದ ಜವಾನನವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ಹಿಂದಿನ ಕಕ್ಕಸಿನ ಮುಂದೆ ಸಾಲು ನಿಂತಿದ್ದರು. ಒಳಗೆ ಶಿವನಂಜಪ್ಪ ನರಳುವುದು ಬೀದಿಗೆಲ್ಲ ಕೇಳುತ್ತಿತ್ತು.

ಪುಟ್ಟಗೌರಮ್ಮ ಬಾಗಿಲಿಗೆ ಕಿವಿಯಿಟ್ಟಳು.

"ನಿಧಾನವಾಗಿ ಬನ್ನಿ ಸ್ವಾಮಿ. ಕೇಳಿಸ್ಕೊಂಡಿದ್ದೆಲ್ಲ ಗೋಪ್ಯ. ಒಂದಕ್ಷರ ಆಚೆ ಹೋಗಲ್ಲ."