ಅಂಗಾಲಿಗೆ ಅಂಗೈ

ಮಧ್ಯಾಹ್ನದ ಹೊತ್ತಿಗೆ ಸೃಷ್ಟಿಯ ಮೈ ಜ್ವರದಿಂದ ಕೆಂಡವಾಗಿತ್ತು. ಮಹಾದೇವಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಎಲ್ಲ ತಾಯಂದಿರೂ ಮಾಡುವಂತೆ, ಪುಟ್ಟ ಅಂಗಾಲಿಗೆ ತನ್ನ ಅಂಗೈ ಒತ್ತಿ ಜ್ವರವನ್ನು ತನ್ನ ಮೈಗೆ ಎಳೆದುಕೊಳ್ಳತೊಡಗಿದಳು.

"ಕೂಸಿನ ಮಾರಿ ಮ್ಯಾಲೆ ಸೆರಗು ಹಾಕವ್ವಾ, ಅದು ನೋಡಬಾರದು," ಎಂದಳು ಅತ್ತೆ ನೀಲವ್ವ.

"ಹಾಕಿದ್ರ ಅಳತೈತ್ರಿ ಅತ್ತಿ. ವರ್ಷದ ಕೂಸಿಗೆ ಏನ್ ತಿಳೀತೈತಿ?"

ಮಗು ತಣ್ಣಗಾಯಿತು. ಮಹಾದೇವಿಯ ಹಲ್ಲು ಕಟಕಟಿಸಿದವು. ಮೈಯಿಂದ ಮೈಗೆ ದಾಟಿದ ಜ್ವರ ದುಪ್ಪಟ್ಟಾಗುತ್ತದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಗಂಜಿ ಕುಡಿದು ಕೌದಿ ಹೊದ್ದು ಮಲಗಿದಳು. ಪಕ್ಕದಲ್ಲಿ ಸೃಷ್ಟಿ ಗಿಲಕಿ ಆಡಿಸುತ್ತಿದ್ದಳು.

ಎಚ್ಚರವಾದಾಗ ಸಂಜೆಯಾಗಿತ್ತು. ಮೈ ಹಗುರಾಗಿತ್ತು, ಹಣೆ ತಣ್ಣಗಿತ್ತು. ಇಷ್ಟು ಬೇಗ ಯಾರಿಗೂ ಜ್ವರ ಬಿಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಗಿಲಕಿಯ ಸದ್ದೂ ಇರಲಿಲ್ಲ.

ಕೌದಿಯ ಕೆಳಗೆ, ಅವಳ ಅಂಗಾಲಿಗೆ, ಕಾದ ಹಂಚಿನಂಥ ಪುಟ್ಟ ಅಂಗೈ ಅಂಟಿಕೊಂಡಿತ್ತು.

ಮಹಾದೇವಿ ಥಟ್ಟನೆ ಎದ್ದು ಕೂತಳು. ಮಗಳನ್ನು ಬಾಚಿಕೊಂಡು, ಈ ಸಲ ಮೊದಲು ಮುಖದ ಮೇಲೆ ಸೆರಗು ಎಳೆದಳು. ಆಮೇಲೆ ಅಂಗಾಲಿಗೆ ಅಂಗೈ ಒತ್ತಿದಳು.

ಮಗು ಅಳಲಿಲ್ಲ. ಸೆರಗಿನಡಿಯಿಂದ ಪುಟ್ಟ ಕೈಯೊಂದು ಹೊರಬಂದು, ಮೆಲ್ಲಗೆ, ಅವಳ ಪಾದವನ್ನು ತಡಕತೊಡಗಿತು.